ಯಂತ್ರಗಳ ನಡುವೆ ಮನಸ್ಸನ್ನು ಕಂಡ ಗಿರಣಿ ಮಾಲೀಕ ರಾಬರ್ಟ್ ಓವೆನ್

ವರ್ಷಕ್ಕೊಮ್ಮೆ ಮೌಲ್ಯಮಾಪನದ ಕಾಲ ಬಂತೆಂದರೆ ನಮ್ಮ ನಗರಗಳ ಕಚೇರಿಗಳಲ್ಲಿ ಉದ್ಯೋಗಿಗಳ ನೆಮ್ಮದಿ ಕೆಡುತ್ತದೆ. ತಮ್ಮ ಹೆಸರಿನ ಎದುರು ಯಾವ ದರ್ಜೆ ಬೀಳುವುದೋ, ಕಂಪ್ಯೂಟರ್ ಪರದೆಯ ಮೇಲೆ ಯಾವ ಬಣ್ಣ ಮೂಡುವುದೋ ಎಂಬ ಆತಂಕ ಎಲ್ಲರಲ್ಲೂ ಮನೆ ಮಾಡಿರುತ್ತದೆ. ಇದು ಮಾಹಿತಿ ತಂತ್ರಜ್ಞಾನ ಯುಗದ ಕೊಡುಗೆಯೆಂದು ಭಾವಿಸುವವರು ಅನೇಕ. ಆದರೆ ಇನ್ನೂರು ವರ್ಷಗಳಿಗೂ ಹಿಂದೆಯೇ ಸ್ಕಾಟ್ಲೆಂಡಿನ ಹತ್ತಿ ಗಿರಣಿಯೊಂದರಲ್ಲಿ ಪ್ರತಿ ಕಾರ್ಮಿಕನ ಪಕ್ಕದಲ್ಲೂ ನಾಲ್ಕು ಬಣ್ಣದ ಮರದ ತುಂಡೊಂದು ತೂಗುತ್ತಿತ್ತು. ಅದನ್ನು ತೂಗುಹಾಕಿಸಿದವರು ರಾಬರ್ಟ್ ಓವೆನ್.

ಸಹಕಾರ ಚಳವಳಿಯ ಪ್ರವರ್ತಕರಲ್ಲಿ ಒಬ್ಬರೆಂದು ಜಗತ್ತು ಸ್ಮರಿಸುವ ಓವೆನ್, ದುಡಿಯುವವರ ಮನಸ್ಸನ್ನು ಅರಿಯದೆ ಸಂಸ್ಥೆಯನ್ನು ಬದಲಿಸಲಾಗದು ಎಂಬುದನ್ನು ಬಹಳ ಮೊದಲೇ ಕಂಡುಕೊಂಡ ಉದ್ಯಮಿ. ಆ ಪಾಠವನ್ನು ಅವರು ಕಲಿತ ಬಗೆ ಎಷ್ಟು ಕುತೂಹಲಕರವೋ, ಮುಂದೆ ಅದನ್ನೇ ಮರೆತು ತೆತ್ತ ಬೆಲೆಯೂ ಅಷ್ಟೇ ಬೋಧಪ್ರದ.

ಆರು ವಾರಗಳ ಮೌನ

1771ರ ಮೇ 14ರಂದು ವೇಲ್ಸ್ ಪ್ರಾಂತ್ಯದ ನ್ಯೂಟೌನ್ ಎಂಬ ಸಣ್ಣ ಪಟ್ಟಣದಲ್ಲಿ ಓವೆನ್ ಜನಿಸಿದರು. ತಂದೆ ಕುದುರೆಯ ಜೀನು ತಯಾರಿಸಿ ಮಾರುತ್ತಿದ್ದರು. ಹತ್ತನೆಯ ವಯಸ್ಸಿಗೆ ಶಾಲೆಯ ಸಹವಾಸ ಮುಗಿಯಿತು. ಬಾಲಕ ಮನೆಬಿಟ್ಟು ಜವಳಿ ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿದನು. ಸ್ಟ್ಯಾಮ್‌ಫರ್ಡ್, ಲಂಡನ್ ಮತ್ತು ಮ್ಯಾಂಚೆಸ್ಟರ್ ನಗರಗಳ ಅಂಗಡಿಗಳಲ್ಲಿ ಬಟ್ಟೆಯ ಗುಣವನ್ನೂ ಗಿರಾಕಿಗಳ ಸ್ವಭಾವವನ್ನೂ ಅಳೆಯುವುದನ್ನು ಕಲಿತನು.

ಸುಮಾರು ಇಪ್ಪತ್ತನೆಯ ವಯಸ್ಸಿನಲ್ಲಿ ಓವೆನ್ ಮ್ಯಾಂಚೆಸ್ಟರಿನ ಡ್ರಿಂಕ್‌ವಾಟರ್ ಎಂಬುವರ ನೂಲಿನ ಗಿರಣಿಗೆ ವ್ಯವಸ್ಥಾಪಕರಾದರು. ಅಲ್ಲಿ ಸುಮಾರು 500 ಮಂದಿ ದುಡಿಯುತ್ತಿದ್ದರು. ಅಷ್ಟು ದೊಡ್ಡ ಗಿರಣಿಯನ್ನು ನಡೆಸಿದ ಅನುಭವ ಆ ತರುಣನಿಗೆ ಇರಲಿಲ್ಲ. ಮೊದಲ ಆರು ವಾರಗಳ ಕಾಲ ಅವರು ಯಾರಿಗೂ ನೇರವಾದ ಆಜ್ಞೆ ಕೊಡಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕೊನೆಯಲ್ಲಿ ಹೊರಡುತ್ತಾ, ಯಂತ್ರಗಳನ್ನೂ ಮನುಷ್ಯರನ್ನೂ ಸೂಕ್ಷ್ಮವಾಗಿ ಗಮನಿಸಿದರು. ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಿದರು. ಆ ನಂತರವೇ ಸುಧಾರಣೆಗೆ ಕೈಹಾಕಿದರು. ಆತ್ಮಕಥೆಯಲ್ಲಿ ಅವರೇ ದಾಖಲಿಸಿರುವ ಈ ಪ್ರಸಂಗ, ಹೊಸ ಹುದ್ದೆಗೆ ಬಂದ ಮರುದಿನವೇ ಹಳೆಯದನ್ನೆಲ್ಲ ಕಿತ್ತೊಗೆಯುವ ಅಧಿಕಾರಿಗಳ ನಡವಳಿಕೆಗೆ ತೀರ ವ್ಯತಿರಿಕ್ತವಾದುದು.

ಅಪನಂಬಿಕೆಯ ಊರು

ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಜಲಪಾತಗಳ ಬಳಿ ಡೇವಿಡ್ ಡೇಲ್ ಎಂಬ ವರ್ತಕರು 1780ರ ದಶಕದಲ್ಲಿ ಕಟ್ಟಿಸಿದ ನ್ಯೂ ಲಾನಾರ್ಕ್ ಗಿರಣಿಗಳು ಆಗ ಬ್ರಿಟನ್ನಿನಲ್ಲೇ ಹೆಸರಾಗಿದ್ದವು. 1799ರಲ್ಲಿ ಓವೆನ್ ತಮ್ಮ ಪಾಲುದಾರರೊಡನೆ ಅವುಗಳನ್ನು 60,000 ಪೌಂಡುಗಳಿಗೆ ಖರೀದಿಸಿದರು. ಅದೇ ವರ್ಷ ಡೇಲ್ ಅವರ ಪುತ್ರಿ ಕ್ಯಾರೊಲಿನ್ ಅವರನ್ನು ವಿವಾಹವಾದರು. 1800ರ ಆರಂಭದಲ್ಲಿ ಗಿರಣಿಯ ಆಡಳಿತ ಅವರ ಕೈಸೇರಿತು.

ಗಿರಣಿಯ ಊರಿನಲ್ಲಿ ಸುಮಾರು 2000 ಜನರಿದ್ದರು. ಅವರಲ್ಲಿ ಸುಮಾರು 500 ಮಂದಿ ಬಡವರ ಆಶ್ರಮಗಳಿಂದ ತಂದ ಮಕ್ಕಳು. ಕುಡಿತ, ಕಳವು, ಜಗಳಗಳು ಸಾಮಾನ್ಯವಾಗಿದ್ದವು. ಎಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ ಅಪನಂಬಿಕೆ. ಬೇರೆ ಸೀಮೆಯಿಂದ ಬಂದ ಈ ತರುಣ ಮಾಲೀಕ ತಮ್ಮಿಂದ ಇನ್ನಷ್ಟು ದುಡಿಮೆ ಹಿಂಡಲೆಂದೇ ಹೊಸ ನಿಯಮಗಳನ್ನು ತರುತ್ತಿದ್ದಾನೆಂದು ಕಾರ್ಮಿಕರು ಬಲವಾಗಿ ನಂಬಿದ್ದರು. ಬದಲಾವಣೆಯ ಪ್ರತಿ ಹೆಜ್ಜೆಗೂ ಮೌನವಾದ ಪ್ರತಿರೋಧ ಎದುರಾಯಿತು.

ಓವೆನ್ ಆಶ್ರಮದ ಮಕ್ಕಳನ್ನು ಕೆಲಸಕ್ಕೆ ತರುವುದನ್ನು ನಿಲ್ಲಿಸಿದರು. ಹತ್ತು ವರ್ಷದೊಳಗಿನವರನ್ನು ಗಿರಣಿಗೆ ಸೇರಿಸಬಾರದೆಂಬ ನಿಯಮ ತಂದರು. ಕಳಪೆ ಸಾಮಾನನ್ನು ದುಬಾರಿ ಬೆಲೆಗೆ ಸಾಲದಲ್ಲಿ ಮಾರುತ್ತಿದ್ದ ಅಂಗಡಿಗಳ ಬದಲು ಒಳ್ಳೆಯ ಪದಾರ್ಥಗಳನ್ನು ಕಡಿಮೆ ದರದಲ್ಲಿ ಒದಗಿಸುವ ಮಳಿಗೆ ತೆರೆದರು. ಆದರೂ ಜನರ ಸಂಶಯ ಕರಗಲಿಲ್ಲ.

ಅದನ್ನು ಕರಗಿಸಿದ್ದು ಒಂದು ಸಂಕಷ್ಟ. ಆ ದಶಕದ ಉತ್ತರಾರ್ಧದಲ್ಲಿ ಅಮೆರಿಕ ತನ್ನ ಬಂದರುಗಳಿಂದ ರಫ್ತನ್ನು ತಡೆಹಿಡಿಯಿತು. ಹತ್ತಿಯ ಬೆಲೆ ಗಗನಕ್ಕೇರಿತು. ಗಿರಣಿಗಳು ನಿಂತು, ಕಾರ್ಮಿಕರು ಬೀದಿಗೆ ಬೀಳುವ ಸ್ಥಿತಿ ಉಂಟಾಯಿತು. ಓವೆನ್ ಕೂಡ ಯಂತ್ರಗಳನ್ನು ನಿಲ್ಲಿಸಿದರು, ಆದರೆ ಒಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ. ಯಂತ್ರಗಳನ್ನು ಶುಚಿಯಾಗಿಟ್ಟುಕೊಳ್ಳುವುದಷ್ಟೇ ಕೆಲಸವೆಂದು ತಿಳಿಸಿ ನಾಲ್ಕು ತಿಂಗಳ ಕಾಲ ಪೂರ್ಣ ಕೂಲಿ ನೀಡಿದರು. ಇದಕ್ಕಾಗಿ 7000 ಪೌಂಡುಗಳಿಗೂ ಹೆಚ್ಚು ವೆಚ್ಚವಾಯಿತು. ಹಲವು ವರ್ಷಗಳ ಉಪದೇಶಕ್ಕೆ ದಕ್ಕದ ವಿಶ್ವಾಸ ಈ ನಾಲ್ಕು ತಿಂಗಳಲ್ಲಿ ದಕ್ಕಿತು. ಮಾಲೀಕನು ತಾನೇ ನಷ್ಟ ಹೊತ್ತದ್ದನ್ನು ಕಣ್ಣಾರೆ ಕಂಡ ಬಳಿಕವೇ ಕಾರ್ಮಿಕರು ಆತನ ಮಾತಿಗೆ ಕಿವಿಗೊಟ್ಟರು.

ನಾಲ್ಕು ಬಣ್ಣದ ಮರದ ತುಂಡು

ಮೊದಲು ಹೇಳಿದ ಮರದ ತುಂಡಿಗೆ ಮೌನ ಎಚ್ಚರಿಕೆಗಾರ ಎಂಬರ್ಥದ ಹೆಸರಿತ್ತು. ಅದರ ನಾಲ್ಕು ಮುಖಗಳಿಗೆ ಕಪ್ಪು, ನೀಲಿ, ಹಳದಿ, ಬಿಳಿ ಬಣ್ಣ ಬಳಿಯಲಾಗಿತ್ತು. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು, ಸಾಧಾರಣವಾಗಿದ್ದರೆ ನೀಲಿ, ಒಳ್ಳೆಯದಿದ್ದರೆ ಹಳದಿ, ಅತ್ಯುತ್ತಮವಾಗಿದ್ದರೆ ಬಿಳಿ ಮುಖ ಎದುರಿಗೆ ಕಾಣುವಂತೆ ಮೇಲ್ವಿಚಾರಕರು ತಿರುಗಿಸಿಡುತ್ತಿದ್ದರು. ಪ್ರತಿದಿನದ ದರ್ಜೆ ಪುಸ್ತಕದಲ್ಲೂ ದಾಖಲಾಗುತ್ತಿತ್ತು. ಓವೆನ್ ಗಿರಣಿಯಲ್ಲಿ ನಡೆದುಹೋಗುವಾಗ ಬಣ್ಣವನ್ನು ನೋಡಿ, ಬಳಿಕ ಆ ವ್ಯಕ್ತಿಯನ್ನು ನೋಡಿ, ಏನನ್ನೂ ನುಡಿಯದೆ ಮುಂದೆ ಸಾಗುತ್ತಿದ್ದರು. ಬೈಗುಳಕ್ಕೂ ಹೊಡೆತಕ್ಕೂ ಇದು ಬದಲಿ ಉಪಾಯವಾಗಿತ್ತು. ದರ್ಜೆ ಅನ್ಯಾಯವೆನಿಸಿದರೆ ಕಾರ್ಮಿಕ ನೇರವಾಗಿ ಓವೆನ್ ಅವರಿಗೇ ದೂರು ನೀಡಬಹುದಿತ್ತು. ಆರಂಭದಲ್ಲಿ ಕಪ್ಪು ಹೆಚ್ಚಾಗಿತ್ತೆಂದೂ, ವರ್ಷಗಳು ಕಳೆದಂತೆ ಹಳದಿ ಮತ್ತು ಬಿಳಿ ಹೆಚ್ಚಿದವೆಂದೂ ಅವರು ಬರೆದಿದ್ದಾರೆ.

ಆದರೆ ಈ ವ್ಯವಸ್ಥೆಯನ್ನು ಕೇವಲ ಕರುಣೆಯೆಂದು ಕರೆಯಲಾಗದು. ನಾಲ್ಕು ಜನರ ಎದುರು ಕಪ್ಪು ಬಣ್ಣದ ಪಕ್ಕದಲ್ಲಿ ನಿಂತು ದುಡಿಯುವವರ ಅವಮಾನವೇ ಇದರ ಬಲವಾಗಿತ್ತು. ಮನೆಗಳ ಶುಚಿತ್ವ ಪರೀಕ್ಷಿಸಲು ತಂಡ ಕಳುಹಿಸಿದಾಗ ಕೆಲವು ಗೃಹಿಣಿಯರು ಅವರನ್ನು ತಿಗಣೆ ಹುಡುಕುವವರೆಂದು ಮೂದಲಿಸಿದರು. ಕುಡಿದು ತೂರಾಡುವವರಿಗೆ ದಂಡ ಬೀಳುತ್ತಿತ್ತು. ನಿಯಮ ರೂಪಿಸುವಲ್ಲಿ ಕಾರ್ಮಿಕರಿಗೆ ಪಾಲಿರಲಿಲ್ಲ. ತಂದೆ ಮಕ್ಕಳನ್ನು ತಿದ್ದುವಂತೆ ಓವೆನ್ ಊರನ್ನು ತಿದ್ದಿದರು.

ಲಾಭವೇ ಗುರಿಯಾಗಿದ್ದ ಪಾಲುದಾರರಿಗೆ ಈ ಖರ್ಚುಗಳು ಹಿಡಿಸಲಿಲ್ಲ. ಭಿನ್ನಾಭಿಪ್ರಾಯ ವಿಕೋಪಕ್ಕೆ ಹೋಗಿ 1813ರ ಕೊನೆಯಲ್ಲಿ ಗಿರಣಿ ಹರಾಜಿಗೆ ಬಂತು. ತತ್ವಜ್ಞಾನಿ ಜೆರೆಮಿ ಬೆಂಥಮ್, ಕ್ವೇಕರ್ ಪಂಥದ ವಿಲಿಯಂ ಅಲೆನ್ ಮೊದಲಾದ ಹೊಸ ಪಾಲುದಾರರನ್ನು ಸಂಘಟಿಸಿದ್ದ ಓವೆನ್ 1,14,100 ಪೌಂಡುಗಳಿಗೆ ಅದನ್ನು ಮತ್ತೆ ಗೆದ್ದುಕೊಂಡರು. ಬಂಡವಾಳಕ್ಕೆ ಶೇ 5ರಷ್ಟು ಪ್ರತಿಫಲ ಸಾಕು, ಮಿಕ್ಕಿದ್ದು ಕಾರ್ಮಿಕರ ಹಿತಕ್ಕೆ ಎಂಬುದು ಹೊಸ ಒಪ್ಪಂದದ ತಿರುಳು. ಅವರು ಮರಳಿದ ದಿನ ಕಾರ್ಮಿಕರು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಗಾಡಿ ಎಳೆದರಂತೆ.

1816ರ ಜನವರಿ 1ರಂದು ಊರಿನಲ್ಲಿ ಶಿಕ್ಷಣ ಸಂಸ್ಥೆಯೊಂದು ಆರಂಭವಾಯಿತು. ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಸ್ಥಾನವಿತ್ತು. ಹೊಡೆತ ನಿಷಿದ್ಧವಾಗಿತ್ತು. ಹಾಡು, ನೃತ್ಯ, ಭೂಪಟಗಳ ಮೂಲಕ ಪಾಠ ನಡೆಯುತ್ತಿತ್ತು. ಕೆಲಸದ ಅವಧಿಯನ್ನು ಊಟದ ಬಿಡುವು ಕಳೆದು ಹತ್ತೂಮುಕ್ಕಾಲು ಗಂಟೆಗೆ ಇಳಿಸಲಾಯಿತು. ಜಡ ಯಂತ್ರಕ್ಕೆ ಎಣ್ಣೆ ಹಾಕಿ ಜೋಪಾನ ಮಾಡುವ ಮಾಲೀಕರು, ಅದಕ್ಕಿಂತ ಸೂಕ್ಷ್ಮವಾದ ಜೀವಂತ ಯಂತ್ರವನ್ನು ಏಕೆ ಕಡೆಗಣಿಸಬೇಕೆಂಬ ಅರ್ಥದ ಪ್ರಶ್ನೆಯನ್ನು ಅವರು ಇತರ ಉದ್ಯಮಿಗಳ ಮುಂದಿಟ್ಟರು. ಮಕ್ಕಳ ದುಡಿಮೆಯನ್ನು ನಿಯಂತ್ರಿಸುವ ಕಾನೂನಿಗಾಗಿ ಹೋರಾಡಿದರು. 1819ರಲ್ಲಿ ಕಾಯ್ದೆಯೇನೋ ಬಂತು. ಆದರೆ ಅದು ಹತ್ತಿ ಗಿರಣಿಗಳಿಗಷ್ಟೇ ಸೀಮಿತವಾಗಿ, ಸಮರ್ಪಕ ತಪಾಸಣೆಯಿಲ್ಲದೆ ದುರ್ಬಲವಾಗಿತ್ತು.

ಮರೆತ ಪಾಠ

ಒಂದು ಊರನ್ನು ಬದಲಿಸಿದವರು ಜಗತ್ತನ್ನೇ ಬದಲಿಸಲು ಹೊರಟರು. 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಧಾರ್ಮಿಕ ಸಮುದಾಯವೊಂದು ಕಟ್ಟಿದ್ದ ಊರನ್ನು ಓವೆನ್ ಕೊಂಡು, ನ್ಯೂ ಹಾರ್ಮನಿ ಎಂಬ ಸಮಾನತೆಯ ಬಡಾವಣೆಯನ್ನು ಘೋಷಿಸಿದರು. ಬಂದವರಿಗೆಲ್ಲ ಬಾಗಿಲು ತೆರೆದಿತ್ತು. ವಿದ್ವಾಂಸರೂ ಬಂದರು, ಸೋಮಾರಿಗಳೂ ಬಂದರು. ಓವೆನ್ ಮಾತ್ರ ಆರಂಭಿಸಿದ ಕೆಲವೇ ವಾರಗಳಲ್ಲಿ ಊರು ಬಿಟ್ಟು ತಿಂಗಳುಗಟ್ಟಲೆ ಬೇರೆಡೆ ಇದ್ದರು. ದುಡಿಯುವವರು ಯಾರು, ಉಣ್ಣುವವರು ಯಾರು ಎಂಬ ಜಗಳ ಹೆಚ್ಚಿತು. ಸಂವಿಧಾನದ ಮೇಲೆ ಸಂವಿಧಾನ ಬರೆದರೂ ಪ್ರಯೋಜನವಾಗದೆ 1827ರ ಹೊತ್ತಿಗೆ ಪ್ರಯೋಗ ಮುರಿದುಬಿತ್ತು. ಅವರ ಸಂಪತ್ತಿನ ಬಹುಪಾಲು ಅದರೊಡನೆ ಕರಗಿತು.

ಮ್ಯಾಂಚೆಸ್ಟರಿನಲ್ಲಿ ಆರು ವಾರ ಮೌನವಾಗಿ ನೋಡಿದ, ನ್ಯೂ ಲಾನಾರ್ಕಿನಲ್ಲಿ ವರ್ಷಗಟ್ಟಲೆ ವಿಶ್ವಾಸಕ್ಕಾಗಿ ಕಾದ ವ್ಯಕ್ತಿ ಇಲ್ಲಿ ನೋಡಲೂ ಇಲ್ಲ, ಕಾಯಲೂ ಇಲ್ಲ. ಧರ್ಮಬೋಧೆ, ಸಂಗೀತ, ನೃತ್ಯಗಳ ವಿಷಯವಾಗಿ ಅಲೆನ್ ಅವರೊಡನೆಯೂ ವಿರಸ ಬೆಳೆದಿತ್ತು. 1828ರಲ್ಲಿ ಓವೆನ್ ನ್ಯೂ ಲಾನಾರ್ಕಿನ ತಮ್ಮ ಪಾಲನ್ನು ಮಾರಿದರು. 1834ರಲ್ಲಿ ಅವರ ನೇತೃತ್ವದಲ್ಲಿ ಕಾರ್ಮಿಕ ಸಂಘಗಳ ಮಹಾ ಒಕ್ಕೂಟವೊಂದು ತಲೆ ಎತ್ತಿ ಅಲ್ಪಕಾಲದಲ್ಲೇ ಕುಸಿಯಿತು.

ಆದರೂ ಬೀಜ ಮೊಳೆಯದೆ ಇರಲಿಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರು ಮತ್ತಿತರ ಕಸುಬುದಾರರು ಓವೆನ್ ಚಿಂತನೆಯಿಂದ ಪ್ರೇರಿತರಾಗಿ ತಮ್ಮದೇ ಮಳಿಗೆ ತೆರೆದರು. ಅಲ್ಲಿ ಮಾಲೀಕನ ಕೃಪೆಯಿರಲಿಲ್ಲ. ಪ್ರತಿ ಸದಸ್ಯನಿಗೂ ಒಂದು ಮತವಿತ್ತು. ಓವೆನ್ ಕೊಡದೆ ಉಳಿಸಿಕೊಂಡಿದ್ದ ನಿರ್ಧಾರದ ಹಕ್ಕನ್ನು ಅವರ ಅನುಯಾಯಿಗಳು ತಾವೇ ಪಡೆದರು. ಮುಂದೆ ನಮ್ಮ ನಗರಗಳಲ್ಲಿ ತಲೆ ಎತ್ತಿದ ಬಳಕೆದಾರರ ಸಹಕಾರಿ ಮಳಿಗೆಗಳ ಬೇರು ಅಲ್ಲಿದೆ.

1858ರ ನವೆಂಬರ್ 17ರಂದು, 87ನೆಯ ವಯಸ್ಸಿನಲ್ಲಿ, ಹುಟ್ಟೂರಾದ ನ್ಯೂಟೌನಿನಲ್ಲೇ ಓವೆನ್ ಕೊನೆಯುಸಿರೆಳೆದರು. ನ್ಯೂ ಲಾನಾರ್ಕ್ ಗಿರಣಿಗಳು 1968ರವರೆಗೂ ನಡೆದವು. 2001ರಲ್ಲಿ ಯುನೆಸ್ಕೊ ಆ ಊರನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ನಾಲ್ಕು ಬಣ್ಣದ ಮರದ ತುಂಡನ್ನು ಪ್ರವಾಸಿಗರು ಇಂದಿಗೂ ಅಲ್ಲಿ ಕಾಣಬಹುದು.

ಬಣ್ಣ ನೀಡುವ ವಿದ್ಯೆಯನ್ನು ಇಂದಿನ ಸಂಸ್ಥೆಗಳು ಚೆನ್ನಾಗಿಯೇ ಕಲಿತಿವೆ. ಆ ಬಣ್ಣಗಳಿಗೆ ಬೆಲೆ ತಂದುಕೊಟ್ಟದ್ದು ನಾಲ್ಕು ತಿಂಗಳ ಕೂಲಿಯೆಂಬ ಸಂಗತಿ ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.