ಸಿಸ್ಟರ್ ರೊಸೆಟಾ ಥಾರ್ಪ್: ಮೂವತ್ತೆರಡು ವರ್ಷ ತಡವಾಗಿ ಬಂದ ಗೌರವ

ಅಮೆರಿಕದ ಓಹಾಯೋ ಸಂಸ್ಥಾನದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಈರೀ ಸರೋವರದ ದಂಡೆಯ ಮೇಲೆ, ಗಾಜಿನ ಪಿರಮಿಡ್ಡಿನಂತಹ ಒಂದು ಭವ್ಯ ಕಟ್ಟಡವಿದೆ. ಅದರ ಹೆಸರು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಸಂಗೀತಗಾರರ ಕೀರ್ತಿಭವನ. ಇದರ ಪ್ರತಿಷ್ಠಾನ ಹುಟ್ಟಿದ್ದು 1983ರಲ್ಲಿ, ಗೌರವಿಸಬೇಕಾದವರ ಮೊದಲನೆಯ ಪಟ್ಟಿ ಹೊರಬಿದ್ದದ್ದು 1986ರಲ್ಲಿ, ಕಟ್ಟಡ ಜನರಿಗೆ ತೆರೆದದ್ದು 1995ರಲ್ಲಿ. ಮೊದಲ ಧ್ವನಿಮುದ್ರಿಕೆ ಹೊರಬಂದು 25 ವರ್ಷ ಕಳೆದ ಕಲಾವಿದರು ಮಾತ್ರ ಪಟ್ಟಿಗೆ ಅರ್ಹರು ಎಂಬುದು ಅಲ್ಲಿನ ನಿಯಮ.

ಪಟ್ಟಿ ಎಂದ ಮೇಲೆ ಜಗಳ ಇದ್ದೇ ಇದೆ. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಪತ್ರಿಕೆಯಲ್ಲಿ ಬಂದ ಬೆಳಗ್ಗೆ ನಮ್ಮ ಚಹಾದಂಗಡಿಗಳಲ್ಲಿ ಏಳುವ ಚರ್ಚೆಯನ್ನು ಓದುಗರು ಬಲ್ಲರು. ಗಡಿಯ ಆಚೆ ಉಳಿದುಹೋದ ನಮಗಂತೂ ಅಂತಹ ಪಟ್ಟಿಯನ್ನು ಬೆರಳಿಟ್ಟು, ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತ ಓದುವ ಅಭ್ಯಾಸ. ಕ್ಲೀವ್‌ಲ್ಯಾಂಡಿನ ಪಟ್ಟಿಗೂ ಅದೇ ಗತಿ. ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು ಎಂದು ಅಮೆರಿಕದ ಸಂಗೀತಪ್ರಿಯರು ವರ್ಷವರ್ಷವೂ ವಾದಿಸುತ್ತಾರೆ. ಹಾಗೆ ಬಿಟ್ಟುಹೋದವರ ಪೈಕಿ ಬಹುಕಾಲ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ ಹೆಸರು ಸಿಸ್ಟರ್ ರೊಸೆಟಾ ಥಾರ್ಪ್ ಅವರದು. ಆಕೆಯ ಬದುಕನ್ನು ಸ್ವಲ್ಪ ವಿವರವಾಗಿ ನೋಡೋಣ.

ರೊಸೆಟಾ ಹುಟ್ಟಿದ್ದು 1915ರ ಮಾರ್ಚ್ 20ರಂದು, ಆರ್ಕನ್ಸಾ ಸಂಸ್ಥಾನದ ಕಾಟನ್ ಪ್ಲಾಂಟ್ ಎಂಬ ಸಣ್ಣ ಊರಿನಲ್ಲಿ. ಹೆಸರೇ ಹೇಳುವಂತೆ ಅದು ಹತ್ತಿಯ ಸೀಮೆ. ತಂದೆತಾಯಿಗಳು ಹೊಲದಲ್ಲಿ ಹತ್ತಿ ಬಿಡಿಸುವ ಕಪ್ಪು ಜನಾಂಗದ ಕೂಲಿಗಳು. ತಾಯಿ ಕೇಟಿ ಬೆಲ್ ನ್ಯೂಬಿನ್ ಸಾಮಾನ್ಯ ಹೆಂಗಸಲ್ಲ. ಮ್ಯಾಂಡೊಲಿನ್ ನುಡಿಸುತ್ತ, ಹಾಡುತ್ತ, ಊರೂರು ತಿರುಗಿ ದೇವರ ಮಾತು ಹೇಳುವವರು. ಅವರು ಸೇರಿದ್ದ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಎಂಬ ಪಂಗಡದಲ್ಲಿ ಪ್ರಾರ್ಥನೆಯೆಂದರೆ ಕಣ್ಣುಮುಚ್ಚಿ ಸುಮ್ಮನೆ ಕೂರುವುದಲ್ಲ. ಚಪ್ಪಾಳೆ, ಡೋಲು, ಗಿಟಾರು, ಮೈಮರೆತ ಕುಣಿತ ಎಲ್ಲವೂ ಅಲ್ಲಿ ಸಲ್ಲುತ್ತಿದ್ದವು. ನಮ್ಮ ಕಡೆಯ ಕುಣಿತ ಭಜನೆಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಗುವಿನ ಕೈಗೆ ನಾಲ್ಕರ ಪ್ರಾಯದಲ್ಲಿಯೇ ಗಿಟಾರು ಬಂತು. ಆರರ ಪ್ರಾಯದಲ್ಲಿ ತಾಯಿಯ ಜೊತೆ ಸಭೆಗಳಲ್ಲಿ ಹಾಡುವುದು ನಿತ್ಯದ ಕೆಲಸವಾಯಿತು. 1920ರ ದಶಕದ ನಡುವಿನಲ್ಲಿ ತಾಯಿ ಮಗಳು ಷಿಕಾಗೋ ಸೇರಿದರು. ದಕ್ಷಿಣದ ಹತ್ತಿಯ ಹೊಲಗಳಿಂದ ಕೆಲಸ ಹುಡುಕಿಕೊಂಡು ಬಂದ ಸಾವಿರಾರು ಕಪ್ಪು ಕುಟುಂಬಗಳ ನಗರವದು. ಹಳ್ಳಿಯ ಭಕ್ತಿಗೀತೆಯೂ ಪೇಟೆಯ ಬ್ಲೂಸ್ ಮತ್ತು ಜಾಸ್ ಸಂಗೀತವೂ ಅಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿದ್ದವು. ಬೆಳೆಯುವ ಹುಡುಗಿಯ ಕಿವಿಗೆ ಎರಡೂ ಬಿದ್ದವು.

1934ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಥಾಮಸ್ ಥಾರ್ಪ್ ಎಂಬ ಉಪದೇಶಕರೊಡನೆ ಮದುವೆಯಾಯಿತು. ದಾಂಪತ್ಯ ಉಳಿಯಲಿಲ್ಲ. ಒಂದೆರಡು ಅಕ್ಷರ ಬದಲಾಗಿ ಗಂಡನ ಮನೆತನದ ಹೆಸರು ಮಾತ್ರ ಕೊನೆಯವರೆಗೂ ಉಳಿಯಿತು.

1938 ಆಕೆಯ ಬಾಳಿನ ತಿರುವು. ತಾಯಿಯೊಡನೆ ನ್ಯೂಯಾರ್ಕಿಗೆ ಬಂದ ರೊಸೆಟಾ ಆ ವರ್ಷ ಕಾಟನ್ ಕ್ಲಬ್ ಎಂಬ ಹೆಸರಾಂತ ರಾತ್ರಿ ವಿನೋದಗೃಹದಲ್ಲಿ ಹಾಡಿದರು. ಅಕ್ಟೋಬರ್ 31ರಂದು ಡೆಕ್ಕಾ ಕಂಪೆನಿಗೆ ನಾಲ್ಕು ಹಾಡುಗಳನ್ನು ಧ್ವನಿಮುದ್ರಿಸಿದರು. ಡಿಸೆಂಬರಿನಲ್ಲಿ ಕಾರ್ನೆಗಿ ಹಾಲಿನ ವೇದಿಕೆ ಹತ್ತಿದರು. ನಾಲ್ಕು ಹಾಡುಗಳಲ್ಲಿ 'ರಾಕ್ ಮಿ' ಎಂಬುದು ಮನೆಮಾತಾಯಿತು. ಮೂಲದಲ್ಲಿ ಅದು ಥಾಮಸ್ ಡಾರ್ಸಿಯವರು ರಚಿಸಿದ ಭಕ್ತಿಗೀತೆ. ದೇವರ ಮಡಿಲಲ್ಲಿ ಆಶ್ರಯ ಬೇಡುವ ಹಾಡು ವಿನೋದಗೃಹದ ದೀಪಗಳ ಕೆಳಗೆ ಬೇರೆಯೇ ಅರ್ಥ ಕೊಡತೊಡಗಿತು.

ಇಲ್ಲಿಂದ ಆಕೆಯ ಮೇಲೆ ದೂರು ಶುರು. ಭಜನಾಮಂದಿರದಲ್ಲಿ ಹಾಡಿ ಬೆಳೆದ ಹೆಣ್ಣುಮಗಳೊಬ್ಬಳು ಅದೇ ಕೀರ್ತನೆಯನ್ನು ಮದ್ಯದ ಲೋಟಗಳ ಸದ್ದಿನ ನಡುವೆ ಹಾಡಿ ಹಣ ತಂದರೆ ನಮ್ಮೂರಿನ ಹಿರಿಯರು ಏನೆನ್ನುತ್ತಿದ್ದರೋ, ಆಕೆಯ ಚರ್ಚಿನ ಹಿರಿಯರು ಅದನ್ನೇ ಅಂದರು. ಹಿರಿಯರ ನೋವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಆಕೆ ದೇವರನ್ನು ಬಿಟ್ಟು ಬಂದವರಲ್ಲ, ಹೋದಲ್ಲಿಗೆಲ್ಲ ಹಾಡನ್ನು ಕೊಂಡೊಯ್ದವರು. ಎರಡೂ ಕಡೆ ಕಾಲಿಟ್ಟವರಿಗೆ ಎರಡೂ ಕಡೆಯ ಪೆಟ್ಟು ತಪ್ಪುವುದಿಲ್ಲ. ಆಕೆ ಸತ್ತ ಮೇಲೂ ಇದು ತಪ್ಪಲಿಲ್ಲ.

ಗಿಟಾರಿನ ವಿಷಯವನ್ನು ಇಲ್ಲಿ ಹೇಳಲೇಬೇಕು. 1940ರ ದಶಕದ ಆರಂಭದಲ್ಲಿ ಲಕ್ಕಿ ಮಿಲಿಂಡರ್ ಅವರ ದೊಡ್ಡ ವಾದ್ಯಮೇಳದೊಡನೆ ಹಾಡುವ ಹೊತ್ತಿಗೆ ಆಕೆಯ ಕೈಯಲ್ಲಿ ವಿದ್ಯುತ್ ಗಿಟಾರು ಇತ್ತು. ತಂತಿಯ ಕಂಪನವನ್ನು ವಿದ್ಯುತ್ತಿಗೆ ತಿರುಗಿಸಿ ಧ್ವನಿವರ್ಧಕದ ಮೂಲಕ ಕೇಳಿಸುವ ಈ ವಾದ್ಯ ಆಗಿನ್ನೂ ಹೊಸತು. ಹಾಡುಗಾರರು ಸಾಮಾನ್ಯವಾಗಿ ಶ್ರುತಿಗೋಸ್ಕರ ತಂತಿಗಳನ್ನು ಒಟ್ಟಾಗಿ ಮೀಟುತ್ತಾರೆ. ರೊಸೆಟಾ ಹಾಗಲ್ಲ. ಒಂದೊಂದೇ ತಂತಿಯನ್ನು ಎತ್ತಿ, ಹಾಡಿನ ಸಾಲು ಮುಗಿದಲ್ಲಿ ಗಿಟಾರಿನಿಂದಲೇ ಉತ್ತರ ಹೇಳಿಸುತ್ತಿದ್ದರು. ಭಾಗವತರ ಪದಕ್ಕೆ ಚೆಂಡೆಮದ್ದಳೆಗಳು ಮಾರುತ್ತರ ಕೊಡುವ ಹಾಗೆ ಎಂದರೆ ಓದುಗರಿಗೆ ಅಂದಾಜಾದೀತು. ಗಂಡಸಿನ ಹಾಗೆ ನುಡಿಸುತ್ತಾಳೆ ಎಂದು ಆಗಿನವರು ಹೊಗಳುತ್ತಿದ್ದರಂತೆ. ಆ ಹೊಗಳಿಕೆಯಲ್ಲಿ ಎಷ್ಟು ಹೊಗಳಿಕೆ ಇತ್ತೆಂದು ನಮ್ಮ ಹೆಣ್ಣುಮಕ್ಕಳೇ ತೀರ್ಮಾನಿಸಲಿ.

1944ರಲ್ಲಿ ಪಿಯಾನೊ ವಾದಕ ಸ್ಯಾಮಿ ಪ್ರೈಸ್ ಅವರ ತಂಡದೊಡನೆ ಧ್ವನಿಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಎಂಬ ಭಕ್ತಿಗೀತೆ ಮರುವರ್ಷ ಕಪ್ಪು ಸಂಗೀತದ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ರಾಕ್ ಅಂಡ್ ರೋಲ್ ಎಂಬ ಸಂಗೀತದ ಮೊತ್ತಮೊದಲ ತಟ್ಟೆ ಇದೇ ಎನ್ನುವ ಇತಿಹಾಸಕಾರರಿದ್ದಾರೆ. 1951ರ 'ರಾಕೆಟ್ 88' ಎನ್ನುವವರೂ ಇದ್ದಾರೆ. ಯಾವ ಹೊಳೆಗೂ ಒಂದೇ ಒರತೆ ಇರುವುದಿಲ್ಲವಾದ್ದರಿಂದ ಈ ವಾದ ಮುಗಿಯುವಂಥದ್ದಲ್ಲ. ಆದರೆ ಎಲ್ವಿಸ್ ಪ್ರೀಸ್ಲಿಯವರ ಮೊದಲ ವಾಣಿಜ್ಯ ಮುದ್ರಿಕೆ 1954ರದು, ಚಕ್ ಬೆರಿಯವರದು 1955ರದು. ರೊಸೆಟಾ ಅವರಿಗಿಂತ ಹತ್ತು ವರ್ಷ ಮುಂದಿದ್ದರು ಎಂಬಲ್ಲಿ ವಾದವೇ ಇಲ್ಲ.

ಕೀರ್ತಿ ಬಂದರೂ ಬಣ್ಣದ ಬೇಲಿ ಹೋಗಲಿಲ್ಲ. ದಕ್ಷಿಣದ ಊರುಗಳಲ್ಲಿ ಸಾವಿರಾರು ಜನರೆದುರು ಹಾಡಿದ ರಾತ್ರಿಯೇ ಬಿಳಿಯರ ಹೋಟೆಲಿನಲ್ಲಿ ಆಕೆಗೆ ಕೋಣೆಯಿಲ್ಲ, ಊಟವಿಲ್ಲ. ತಂಡ ಬಸ್ಸಿನಲ್ಲೇ ಮಲಗಬೇಕಾಗುತ್ತಿತ್ತು. ಜೊತೆಯಲ್ಲಿ ಪ್ರವಾಸ ಮಾಡಿದ ಜಾರ್ಡನೇರ್ಸ್ ಎಂಬ ಬಿಳಿಯ ಗಾಯಕರ ತಂಡದವರು ಹೋಟೆಲಿನೊಳಗೆ ಹೋಗಿ ಆಕೆಗೆ ಊಟ ಕಟ್ಟಿಸಿಕೊಂಡು ಬರುತ್ತಿದ್ದರು. ಇದೇ ಜಾರ್ಡನೇರ್ಸ್ ಮುಂದೆ ಎಲ್ವಿಸ್ ಅವರಿಗೆ ಹಿಮ್ಮೇಳ ಹಾಡಿದವರು. 1946ರಲ್ಲಿ ಪರಿಚಯವಾದ ಮೇರಿ ನೈಟ್ ಎಂಬ ಗಾಯಕಿ ಜೊತೆಗೂಡಿದ ಮೇಲೆ, ಗಂಡಸರ ಹಂಗಿಲ್ಲದೆ ಇಬ್ಬರೇ ಹೆಂಗಸರು ದೇಶ ಸುತ್ತಿ ಹಾಡಿದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

1947ರಲ್ಲಿ ಜಾರ್ಜಿಯಾದ ಮೇಕನ್ ಪಟ್ಟಣದಲ್ಲಿ ಕಾರ್ಯಕ್ರಮಕ್ಕೆ ಮೊದಲು ಹದಿನಾಲ್ಕರ ಹುಡುಗನೊಬ್ಬ ಹಾಡುವುದನ್ನು ಕೇಳಿ, ಆಕೆ ಅವನನ್ನು ವೇದಿಕೆಗೆ ಕರೆದು ಹಾಡಿಸಿ ಕೈಗೆ ಹಣವನ್ನೂ ಕೊಟ್ಟರು. ಆ ಹುಡುಗ ಮುಂದೆ ಲಿಟಲ್ ರಿಚರ್ಡ್ ಎಂದು ಜಗತ್ಪ್ರಸಿದ್ಧನಾದ. ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

1951ರ ಜುಲೈ 3ರ ಮದುವೆಯ ಕಥೆ ಸ್ವಾರಸ್ಯವಾದದ್ದು. ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಟಿಕೇಟು ಕೊಂಡು ಬಂದ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನರೆದುರು ರಸಲ್ ಮಾರಿಸನ್ ಅವರೊಡನೆ ಆಕೆಯ ಮೂರನೆಯ ವಿವಾಹ ನಡೆಯಿತು. ಮೈದಾನ ಮೊದಲು ಗೊತ್ತಾಗಿ ವರ ಆಮೇಲೆ ಗೊತ್ತಾದದ್ದೆಂದು ಹೇಳುತ್ತಾರೆ! ಮಂತ್ರ ಮುಗಿದ ಮೇಲೆ ವಧು ಮದುವೆಯ ಉಡುಪಿನಲ್ಲೇ ಗಿಟಾರು ಹಿಡಿದು ಕಚೇರಿ ಕೊಟ್ಟರು. ಡೆಕ್ಕಾ ಕಂಪೆನಿ ಮದುವೆಯನ್ನೂ ತಟ್ಟೆ ಮಾಡಿ ಮಾರಿತು.

ಆಮೇಲೆ ಇಳಿತ. ಐವತ್ತರ ದಶಕದಲ್ಲಿ ಬ್ಲೂಸ್ ಹಾಡಿದ್ದಕ್ಕೆ ಚರ್ಚಿನ ಶ್ರೋತೃಗಳು ದೂರವಾದರು. ತರುಣರು ಎಲ್ವಿಸ್ ಕಡೆಗೆ ಹೋದರು. 1957ರಲ್ಲಿ ಕ್ರಿಸ್ ಬಾರ್ಬರ್ ಅವರ ಆಹ್ವಾನದ ಮೇಲೆ ಇಂಗ್ಲೆಂಡಿಗೆ ಹೋದಾಗ ಹೊಸ ಶ್ರೋತೃಗಳು ಸಿಕ್ಕಿದರು. 1964ರ ಮೇ 7ರಂದು ಮ್ಯಾಂಚೆಸ್ಟರಿನ ಮುಚ್ಚಿಹೋದ ವಿಲ್ಬ್ರಹಾಂ ರೋಡ್ ರೈಲು ನಿಲ್ದಾಣದಲ್ಲಿ ಗ್ರಾನಡಾ ಟೆಲಿವಿಷನ್ನಿನವರು ಒಂದು ಕಾರ್ಯಕ್ರಮ ಚಿತ್ರೀಕರಿಸಿದರು. ಒಂದು ಪ್ಲಾಟ್‌ಫಾರಮಿನಲ್ಲಿ ಕಲಾವಿದರು, ಹಳಿಯಾಚೆಯ ಪ್ಲಾಟ್‌ಫಾರಮಿನಲ್ಲಿ ಶ್ರೋತೃಗಳು. ಮಳೆ. ಕುದುರೆ ಗಾಡಿಯಿಂದ ಇಳಿದ ನಲ್ವತ್ತೊಂಬತ್ತರ ಹೆಂಗಸು ಉದ್ದನೆಯ ಕೋಟು ತೊಟ್ಟು, ಬಿಳಿಯ ಗಿಟಾರು ಕೊರಳಿಗೆ ಹಾಕಿಕೊಂಡು, ಮಳೆಯ ಬಗೆಗಿನ ಭಕ್ತಿಗೀತೆಯನ್ನೇ ಎತ್ತಿಕೊಂಡರು. ಆ ಚಿತ್ರ ಉಳಿದಿದೆ, ಈಗ ಯಾರೂ ನೋಡಬಹುದು. ಆಕೆಗೆ ಯಾವ ಪಟ್ಟಿಯಲ್ಲಿ ಸ್ಥಾನ ಎಂದು ತರ್ಕಿಸುವವರು ಮೊದಲು ಆ ಕೆಲವು ನಿಮಿಷಗಳನ್ನು ನೋಡಲಿ ಎಂದು ನಮ್ಮ ಸಲಹೆ.

ಮುಂದೆ ತಾಯಿ ತೀರಿಹೋದರು. 1970ರಲ್ಲಿ ರೊಸೆಟಾ ಅವರಿಗೆ ಪಾರ್ಶ್ವವಾಯು ತಗಲಿತು. ಸಕ್ಕರೆ ಕಾಯಿಲೆಯಿಂದ ಒಂದು ಕಾಲನ್ನು ತೆಗೆಯಬೇಕಾಯಿತು. ಹಾಗಿದ್ದೂ ಹಾಡುವುದನ್ನು ಬಿಡಲಿಲ್ಲ. 1973ರ ಅಕ್ಟೋಬರ್ 9ರಂದು, ಐವತ್ತೆಂಟರ ಪ್ರಾಯದಲ್ಲಿ, ಫಿಲಡೆಲ್ಫಿಯಾದಲ್ಲಿ ನಿಧನರಾದರು. ಇಪ್ಪತ್ತು ಸಾವಿರ ಜನ ಟಿಕೇಟು ಕೊಟ್ಟು ಮದುವೆ ನೋಡಿದ ಆ ಹೆಣ್ಣಿನ ಗೋರಿಯ ಮೇಲೆ ಮೂವತ್ತೈದು ವರ್ಷ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ.

ಇನ್ನು ಪಟ್ಟಿಯ ವಿಚಾರ. 1986ರ ಮೊದಲ ಪಟ್ಟಿಯಲ್ಲಿ ಗಾಯಕರ ವಿಭಾಗಕ್ಕೆ ಆಯ್ಕೆಯಾದ ಹತ್ತು ಹೆಸರುಗಳೂ ಗಂಡಸರದೇ. ಎಲ್ವಿಸ್ ಇದ್ದರು, ಚಕ್ ಬೆರಿ ಇದ್ದರು, ಮೇಕನ್ನಿನ ಹುಡುಗ ಲಿಟಲ್ ರಿಚರ್ಡ್ ಇದ್ದರು. ಅವನನ್ನು ವೇದಿಕೆಗೆ ಕರೆದವರು ಇರಲಿಲ್ಲ. ಅವರ ಮೊದಲ ತಟ್ಟೆಗೆ ಆಗಲೇ 48 ವರ್ಷವಾಗಿತ್ತು. ಹೆಂಗಸರಲ್ಲಿ ಮೊದಲು ಒಳಗೆ ಹೋದವರು ಮರುವರ್ಷ ಅರೀತಾ ಫ್ರಾಂಕ್ಲಿನ್. 1992ರಲ್ಲಿ ಜಾನಿ ಕ್ಯಾಶ್ ತಮ್ಮನ್ನು ಸೇರಿಸಿಕೊಂಡ ಸಮಾರಂಭದಲ್ಲಿಯೇ, ಬಾಲ್ಯದಲ್ಲಿ ತಾವು ಮೆಚ್ಚಿದವರ ಪೈಕಿ ರೊಸೆಟಾ ಅವರ ಹೆಸರು ಹೇಳಿದರು. ಆಗಲೂ ಬಾಗಿಲು ತೆರೆಯಲಿಲ್ಲ.

ಆಕೆ ಭಕ್ತಿಗೀತೆಯವರು, ರಾಕ್ ಸಂಗೀತಕ್ಕೆ ಹೊರಗಿನವರು ಎಂಬ ವಾದವಿತ್ತು. ಈ ವಾದ ನಿಲ್ಲುವುದಿಲ್ಲ. ವಿನೋದಗೃಹಗಳ ಮೆಟ್ಟಿಲು ಹತ್ತಲು ಒಪ್ಪದಿದ್ದ ಮಹೇಲಿಯಾ ಜಾಕ್ಸನ್ ಅವರನ್ನು 1997ರಲ್ಲಿಯೇ ಆರಂಭಕಾಲದ ಪ್ರಭಾವಿಗಳ ವಿಭಾಗಕ್ಕೆ ಸೇರಿಸಿಕೊಂಡಿದ್ದರು. ಅವರು ಸೇರಿದ್ದು ನ್ಯಾಯವೇ. ಆದರೆ ಶುದ್ಧ ಭಕ್ತಿಗೀತೆಗೆ ಸ್ಥಳವಿದ್ದ ಮನೆಯಲ್ಲಿ ಭಕ್ತಿಗೀತೆಗೆ ವಿದ್ಯುತ್ ಗಿಟಾರು ಕಟ್ಟಿ ಕುಣಿಸಿದವರಿಗೆ ಸ್ಥಳವಿಲ್ಲವೆಂದರೆ ಹೇಗೆ? ಚರ್ಚಿನವರಿಗೆ ಆಕೆ ವಿನೋದಗೃಹದವರು, ವಿನೋದಗೃಹದವರಿಗೆ ಆಕೆ ಚರ್ಚಿನವರು. ಹೀಗೆ ಎರಡು ಲೆಕ್ಕದ ಪುಸ್ತಕಗಳ ನಡುವೆ ಆಕೆಯ ಹೆಸರು ಬಿದ್ದುಹೋಯಿತು. ಒಂದು ರಾಜ್ಯದ ಭಾಷೆಯಲ್ಲಿ ಕಲಿತು ಇನ್ನೊಂದು ರಾಜ್ಯದ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತ ನಮಗೆ ಇದು ತೀರ ಅಪರಿಚಿತ ಸ್ಥಿತಿಯೇನಲ್ಲ.

ತಿದ್ದುಪಡಿ ನಿಧಾನವಾಗಿ ಬಂತು. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರದ ಅಂಚೆಚೀಟಿ ತಂದಿತು. 2007ರಲ್ಲಿ ಗೇಲ್ ವಾಲ್ಡ್ ಎಂಬ ಪ್ರಾಧ್ಯಾಪಕಿಯ ಬರೆಹದಲ್ಲಿ ಆಕೆಯ ಜೀವನಚರಿತ್ರೆ ಹೊರಬಂತು. 2008ರಲ್ಲಿ ನಡೆದ ಸಹಾಯಾರ್ಥ ಕಚೇರಿಯ ಹಣದಿಂದ ಗೋರಿಗೆ ಕಲ್ಲು ಬಂತು. 2018ರ ಏಪ್ರಿಲ್ 14ರಂದು ಕ್ಲೀವ್‌ಲ್ಯಾಂಡಿನಲ್ಲಿ ಆಕೆಯನ್ನೂ ಕೀರ್ತಿಭವನಕ್ಕೆ ಸೇರಿಸಿಕೊಂಡರು. ಅದೂ ಗಾಯಕರ ಮುಖ್ಯ ವಿಭಾಗದಲ್ಲಲ್ಲ, ಆರಂಭಕಾಲದ ಪ್ರಭಾವಿಗಳ ವಿಭಾಗದಲ್ಲಿ. ಇದು ಗೌರವದ ಪೀಠವೇ ಎನ್ನುವವರಿದ್ದಾರೆ. ನಮಗೇಕೋ ಪಕ್ಕದ ಬಾಗಿಲಿನಂತೆ ಕಾಣುತ್ತದೆ. ಪ್ರಭಾವ ಬೀರಿದವರು ಎಂದರೆ ಇತರರು ಮಾಡಿದ ಕೆಲಸಕ್ಕೆ ನೆರವಾದವರು ಎಂದಂತಾಯಿತು. ಆಕೆ ಸ್ವತಃ ಆ ಕೆಲಸ ಮಾಡಿದವರು.

ಅಂದಿನ ಸಮಾರಂಭದಲ್ಲಿ ಬ್ರಿಟನಿ ಹೊವರ್ಡ್ ಎಂಬ ಯುವ ಗಾಯಕಿ ಗಿಟಾರು ಹಿಡಿದು ರೊಸೆಟಾ ಅವರ 'ದಟ್ಸ್ ಆಲ್' ಹಾಡಿದರು. 1938ರ ಅಕ್ಟೋಬರ್ 31ರಂದು ಡೆಕ್ಕಾ ಕಂಪೆನಿಗಾಗಿ ಧ್ವನಿಮುದ್ರಿಸಿದ ನಾಲ್ಕು ಹಾಡುಗಳಲ್ಲಿ ಅದೂ ಒಂದು.