ಮೈದಾನದ ಗುರು ರಹೀಂ ಸಾಹೇಬರು

ವಾಡಿ ಜಂಕ್ಷನ್‌ನಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಹೈದರಾಬಾದಿಗೆ ನೀವು ಹಲವು ಬಾರಿ ಪ್ರಯಾಣಿಸಿರಬಹುದು. 1956ರ ಅಕ್ಟೋಬರ್ ಕೊನೆಯವರೆಗೆ ಶಹಾಬಾದ್, ಚಿಂಚೋಳಿಗಳೂ ಸೇರಿದಂತೆ ನಮ್ಮ ಇಡೀ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆ ರಾಜ್ಯದ ಒಬ್ಬ ಶಾಲಾ ಶಿಕ್ಷಕರು ಭಾರತದ ಫುಟ್ಬಾಲ್ ತಂಡಕ್ಕೆ ಎರಡು ಬಾರಿ ಏಷ್ಯಾದ ಚಿನ್ನ ಗೆಲ್ಲಿಸಿಕೊಟ್ಟರೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಅವರೇ ಸೈಯದ್ ಅಬ್ದುಲ್ ರಹೀಂ.

1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದ ಅವರು ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಕಲಿತು ಅಧ್ಯಾಪಕ ವೃತ್ತಿ ಹಿಡಿದರು. ತರಗತಿಯ ಶಿಸ್ತನ್ನೇ ಮೈದಾನಕ್ಕೂ ತಂದರು. ಅವರ ಗರಡಿಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು.

ಅವರ ಕಲಿಸುವ ಕ್ರಮವನ್ನು ಗಮನಿಸಿ. ಬಲಗಾಲಿನ ಆಟಗಾರನು ಎಡಗಾಲಿನಿಂದಲೇ ಆಡಬೇಕಾದ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡು ಮೆರೆಯದೆ ಕೂಡಲೇ ಜೊತೆಗಾರನಿಗೆ ದಾಟಿಸಬೇಕಾದ ಪಂದ್ಯಗಳೂ ಇದ್ದವು. ದುರ್ಬಲವಾದುದನ್ನು ಹಳಿಯಬಾರದು, ಪಳಗಿಸಬೇಕು. ಒಬ್ಬನ ಹೆಸರಿಗಿಂತ ತಂಡದ ಹಿತ ದೊಡ್ಡದು. ಮನೆಯಲ್ಲಿ ಮಕ್ಕಳನ್ನು ಬೆಳೆಸುವ ನಮಗೂ ಇದು ಪಾಠವಲ್ಲವೇ?

1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಆದರೆ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಭಾರೀ ಸೋಲು ಕಾದಿತ್ತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಭಾರತದ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಅದರ ಬಳಿಕ ಬೂಟು ಕಡ್ಡಾಯವಾಯಿತು.

ರಹೀಂ ಸಾಹೇಬರು ಎದೆಗುಂದಲಿಲ್ಲ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಬಾರಿಸಿದರು. ಒಲಿಂಪಿಕ್ ಫುಟ್ಬಾಲಿನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ದೇಶ ಭಾರತವಾಯಿತು. ಕೊನೆಗೆ ನಾಲ್ಕನೇ ಸ್ಥಾನ ಪಡೆಯಿತು.

ಕಠಿಣ ಪರೀಕ್ಷೆ ಎದುರಾದುದು 1962ರಲ್ಲಿ, ಜಕಾರ್ತಾದಲ್ಲಿ. ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವರ ದೇಹವನ್ನು ಕೊರೆಯುತ್ತಿತ್ತು. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಪ್ರವೇಶ ಸಿಗದುದನ್ನು ಭಾರತೀಯ ಅಧಿಕಾರಿಯೊಬ್ಬರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾ 2-0ರಿಂದ ಸೋಲಿಸಿತು. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಗುರುಗಳು ಅವರನ್ನು ಕೈಬಿಡದೆ ಮುಂಪಡೆಯಲ್ಲಿ ಆಡಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಎದುರಾಳಿ ಅದೇ ಕೊರಿಯಾ. ಕ್ರೀಡಾಂಗಣದ ತುಂಬ ಪ್ರೇಕ್ಷಕರ ಕೂಗಾಟ. ಪಿ.ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು. ಮತ್ತೊಂದನ್ನು ಹೊಡೆದವರು ಆ ಗಾಯಾಳು ಜರ್ನೈಲರೇ! ಭಾರತ 2-1ರಿಂದ ಗೆದ್ದಿತು. ಅಂದಿನಿಂದ ಇಂದಿನವರೆಗೆ ಏಷ್ಯನ್ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ನಮಗೆ ಮತ್ತೆ ದಕ್ಕಿಲ್ಲ.

ಒಂಬತ್ತು ತಿಂಗಳ ಬಳಿಕ, 1963ರ ಜೂನ್ 11ರಂದು, 53ರ ವಯಸ್ಸಿನಲ್ಲಿ ರಹೀಂ ಸಾಹೇಬರು ಇಹಲೋಕ ತ್ಯಜಿಸಿದರು. ದೀರ್ಘಕಾಲ ಮರೆತುಹೋಗಿದ್ದ ಅವರ ಹೆಸರನ್ನು 2024ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ 'ಮೈದಾನ್' ಮತ್ತೆ ನೆನಪಿಸಿತು. ಆದರೆ ನೆನಪು ನಮ್ಮ ನೆರೆಯಲ್ಲೇ ಇತ್ತು. ಅವರ ಪುತ್ರ, 1960ರ ರೋಮ್ ಒಲಿಂಪಿಕ್ ತಂಡದಲ್ಲಿದ್ದ ಎಸ್.ಎಸ್. ಹಕೀಂ, 2021ರ ಆಗಸ್ಟ್‌ನಲ್ಲಿ ಕೊನೆಯುಸಿರೆಳೆದದ್ದು ಕಲಬುರಗಿಯಲ್ಲೇ.

ಸಂಜೆ ಚೆಂಡು ಹಿಡಿದು ಹೊರಡುವ ಮಗನನ್ನು ಗದರಿಸುವ ಮೊದಲು ಸ್ವಲ್ಪ ಯೋಚಿಸಿ. ಆಟವೂ ಶಾಲೆಯಾಗಬಲ್ಲದು, ಅಲ್ಲಿ ಅವನಿಗೆ ಒಳ್ಳೆಯ ಗುರು ಸಿಗುವಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.