ಪರಮವೀರ ರಾಮ ರಾಘೋಬಾ ರಾಣೆ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಖಡಕಿಯು ಹೊಸ ಊರಲ್ಲ. ಅಲ್ಲಿನ ದಂಡಿನ ಪ್ರದೇಶದ ಬೀದಿಗಳಲ್ಲಿ ನಾವು ಎಷ್ಟೋ ಸಲ ಓಡಾಡಿದ್ದೇವೆ. ಬಾಂಬೆ ಸ್ಯಾಪರ್ಸ್ ಎಂದು ಹೆಸರಾದ ಇಂಜಿನಿಯರ್ ಪಡೆಯ ತವರು ಅದು. ಆ ಪಡೆಯ ಹೆಸರನ್ನು ದೇಶದ ಉದ್ದಗಲಕ್ಕೂ ಬೆಳಗಿಸಿದ ಒಬ್ಬ ಯೋಧನು ನಮ್ಮ ಹಾವೇರಿಯಲ್ಲಿ ಹುಟ್ಟಿ, ನಮ್ಮ ಕಾರವಾರದ ಕಡಲತಡಿಯಲ್ಲಿ ಬೆಳೆದವನೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ರಾಜ್ಯೋತ್ಸವದ ಈ ಶುಭಸಮಯದಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಜೀವನವನ್ನು ಸ್ಮರಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ರಾಣೆಯವರು ಜನಿಸಿದ್ದು 1918ನೆಯ ಇಸವಿ ಜೂನ್ 26ರಂದು. ತಂದೆ ರಾಘೋಬಾ ರಾಣೆಯವರು ಪೊಲೀಸ್ ಪೇದೆ. ಪೂರ್ವಿಕರ ಊರು ಕಾರವಾರದ ಬಳಿಯ ಚೆಂಡಿಯಾ. ಆಗ ಹಾವೇರಿಯೂ ಕಾರವಾರವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಂದು ನಾವು ಆಚರಿಸುತ್ತಿರುವ ನವೆಂಬರ್ ಒಂದು ಆ ಊರುಗಳ ಪಾಲಿಗೆ ಬಂದದ್ದು 1956ರಲ್ಲಿ. ಪೇದೆಯ ಸಂಸಾರವೆಂದರೆ ವರ್ಗಾವಣೆಯ ಸಂಸಾರ. ಒಂದು ಊರಿನಲ್ಲಿ ಅಕ್ಷರ, ಇನ್ನೊಂದು ಊರಿನಲ್ಲಿ ಮಗ್ಗಿ ಎಂಬಂತೆ ಹುಡುಗನ ಓದು ಸಾಗಿತು. 1930ರಲ್ಲಿ ಕಾರವಾರದ ನೆರೆಯ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ದೇಶವೆಲ್ಲ ಚಳವಳಿಯ ಕಾವಿನಲ್ಲಿತ್ತು. ಹನ್ನೆರಡರ ಬಾಲಕನ ಮನಸ್ಸೂ ಅತ್ತ ವಾಲಿತು. ಸರಕಾರಿ ಚಾಕರಿಯ ತಂದೆ ಹೆದರಿ, ಸಂಸಾರವನ್ನು ಚೆಂಡಿಯಾಕ್ಕೆ ಕರೆದೊಯ್ದರು.

ಹತ್ತು ವರ್ಷಗಳ ಅನಂತರ ಅದೇ ಹುಡುಗ ಸೈನ್ಯಕ್ಕೆ ಸೇರಿದನು. 1940ರ ಜುಲೈ 10ರಂದು, ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಬಾಂಬೆ ಇಂಜಿನಿಯರ್ಸ್ ಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಅವರ ಹೆಸರು ದಾಖಲಾಯಿತು. ತರಬೇತಿಯಲ್ಲಿ ಉತ್ತಮ ರಿಕ್ರೂಟ್ ಎನಿಸಿಕೊಂಡು ನಾಯಕ್ ಆದರು. ಬರ್ಮಾದ ಅರಾಕಾನಿನಲ್ಲಿ ನಮ್ಮ ಪಡೆಗಳು ಹಿಂದಕ್ಕೆ ಸರಿಯುತ್ತಿದ್ದಾಗ, ಬುಥಿಡಾಂಗ್‌ನಲ್ಲಿ ಉಳಿದು, ಶತ್ರುವಿಗೆ ಉಪಯೋಗಕ್ಕೆ ಬರಬಹುದಾದುದನ್ನೆಲ್ಲ ನಾಶಮಾಡುವ ಕೆಲಸ ಅವರ ತುಕಡಿಗೆ ಬಂತು. ಕೆಲಸ ಮುಗಿಯಿತು, ಕರೆದೊಯ್ಯಬೇಕಾಗಿದ್ದ ಹಡಗು ಮಾತ್ರ ಬರಲಿಲ್ಲ. ಜಪಾನಿಯರು ಕಾವಲಿದ್ದ ನದಿಯನ್ನು ದಾಟಿ, ಅವರ ಕಣ್ಣು ತಪ್ಪಿಸಿ, ರಾಣೆ ತಮ್ಮ ಜೊತೆಯವರೊಡನೆ ದಂಡನ್ನು ಸೇರಿಕೊಂಡರು. ಹವಾಲ್ದಾರರಾದರು, ಮುಂದೆ ಜಮಾದಾರರಾದರು. ದೇಶ ಸ್ವತಂತ್ರವಾದ ವರ್ಷವೇ, ಡಿಸೆಂಬರ್ 15ರಂದು, ಸೆಕೆಂಡ್ ಲೆಫ್ಟಿನೆಂಟ್ ಪದವಿ ದೊರೆಯಿತು. ಸಿಪಾಯಿಯಾಗಿ ಹೋದವನು ಅಧಿಕಾರಿಯಾದನು.

ಅಷ್ಟರಲ್ಲಿ ಕಾಶ್ಮೀರದ ಕದನ ಆರಂಭವಾಗಿತ್ತು. 1947ರ ಅಕ್ಟೋಬರಿನಲ್ಲಿ ದಾಳಿಕಾರರು ನುಗ್ಗಿದರು. ನವೆಂಬರಿನಲ್ಲಿ ರಾಜೌರಿ ಪಟ್ಟಣ ಅವರ ವಶವಾಗಿ, ಅಲ್ಲಿನ ಜನ ಕೊಲೆ ಸುಲಿಗೆಗಳಿಗೆ ತುತ್ತಾದರು. 1948ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ನೌಶೇರಾದಿಂದ ರಾಜೌರಿಯತ್ತ ಹೊರಟಿತು. ದಾರಿಯೇನೋ ಒಂದೇ, ಆದರೆ ಅದು ಹಾವಿನಂತೆ ಬೆಟ್ಟವನ್ನು ಸುತ್ತಿಕೊಂಡ ದಾರಿ. ಹೆಜ್ಜೆಹೆಜ್ಜೆಗೂ ನೆಲಬಾಂಬುಗಳು, ಅಡ್ಡ ಕೆಡವಿದ ಪೈನ್ ಮರಗಳು, ಸಿಡಿಸಿಹಾಕಿದ ಮೋರಿಗಳು. ದಾರಿ ತೆರೆಯದೆ ಟ್ಯಾಂಕುಗಳು ಹೋಗಲಾರವು. ಟ್ಯಾಂಕುಗಳು ಹೋಗದೆ ರಾಜೌರಿ ಸಿಕ್ಕದು. ದಾರಿ ತೆರೆಯುವ ಕೆಲಸ ರಾಣೆಯವರ ಪಾಲಿಗೆ ಬಂತು.

ಏಪ್ರಿಲ್ 8ರಂದು ಬೆಳಗಿನ ಹನ್ನೊಂದು ಗಂಟೆಗೆ, ಕೆಲಸಕ್ಕೆ ಕೈಯಿಡುವ ಮೊದಲೇ, ಮಾರ್ಟರ್ ಗುಂಡುಗಳ ಮಳೆ ಸುರಿಯಿತು. ತುಕಡಿಯ ಇಬ್ಬರು ಸತ್ತರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯವರೂ ಒಬ್ಬರು. ಅವರು ಹಿಂದಕ್ಕೆ ಹೋಗಲಿಲ್ಲ. ಉಳಿದವರನ್ನು ಒಟ್ಟುಗೂಡಿಸಿ ಕೆಲಸಕ್ಕೆ ನಿಂತರು. ಸಂಜೆಯ ಹೊತ್ತಿಗೆ ಬರ್ವಾಲಿ ದಿಣ್ಣೆ ನಮ್ಮವರ ಕೈಸೇರಿತು. ಆದರೆ ಸುತ್ತಣ ಶತ್ರುಗಳು ಪೂರ್ಣ ತೊಲಗಿರಲಿಲ್ಲ. ಅವರ ಕಣ್ಣೆದುರಿಗೇ ರಾತ್ರಿ ಹತ್ತರವರೆಗೆ ಟ್ಯಾಂಕುಗಳಿಗೆ ಬಳಸುದಾರಿಯನ್ನು ಕಡಿದರು. ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಆರಂಭ. ಮಧ್ಯಾಹ್ನ ಮೂರಕ್ಕೆ ದಾರಿ ಸಿದ್ಧವಾಗಲು, ದಂಡಿನ ಮುಂಚೂಣಿಯ ಬಂಡಿಯನ್ನು ತಾವೇ ಏರಿದರು. ಅರ್ಧ ಮೈಲಿಗೆ ಒಂದು ಅಡ್ಡಿ, ಇಳಿದು ಸಿಡಿಸಿದರು. ಮುನ್ನೂರು ಗಜಕ್ಕೆ ಇನ್ನೊಂದು, ಅದನ್ನೂ ಸಿಡಿಸಿದರು. ಮೂರನೆಯ ದಿನ ನಸುಕಿನ ನಾಲ್ಕೂ ಮುಕ್ಕಾಲಕ್ಕೆ ಎದ್ದು, ನೆಲಬಾಂಬುಗಳ ನಡುವೆ ಬಿದ್ದಿದ್ದ ಐದು ಭಾರಿ ಮರಗಳನ್ನು ಮೆಷಿನ್‌ಗನ್ನಿನ ಗುಂಡಿನ ಕೆಳಗೇ ತೆಗೆದರು. ಆ ಮಧ್ಯಾಹ್ನ ಎರಡಕ್ಕೆ ಟ್ಯಾಂಕುಗಳು ತಾವಿ ನದಿಯ ಪಾತ್ರದ ಮೂಲಕ ಚಿಂಗಸ್ ತಲಪಿದವು. ತಮ್ಮ ಪಾಲಿನದು ಮುಗಿಯಿತೆಂದು ರಾಣೆ ಕೂರಲಿಲ್ಲ; ಹಿಂದೆ ಬರುವ ಸಾಮಾನಿನ ಬಂಡಿಗಳಿಗೂ ರಸ್ತೆ ಬೇಕಲ್ಲವೆ? ಅನ್ನ ವಿಶ್ರಾಂತಿಗಳಿಲ್ಲದೆ ಅಂದು ರಾತ್ರಿ ಒಂಬತ್ತರವರೆಗೂ ದುಡಿದರು; ಹನ್ನೊಂದನೆಯ ತಾರೀಖು ಬೆಳಗ್ಗೆ ಹನ್ನೊಂದು ಗಂಟೆಗೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು. ಮರುದಿನ ರಾಜೌರಿ ನಮ್ಮದಾಯಿತು.

ಇಂಥ ಸಾಹಸಕ್ಕೆ ಯಾವ ಪದಕ ಸಲ್ಲಬೇಕು? ಅಂದಿನ ಮಟ್ಟಿಗೆ ಯಾವುದೂ ಇರಲಿಲ್ಲ. ಬ್ರಿಟಿಷರ ಪದಕಗಳ ಕಾಲ ಮುಗಿದಿತ್ತು. ನಮ್ಮವು ಇನ್ನೂ ಹುಟ್ಟಿರಲಿಲ್ಲ. ಹಳೆಯ ಪದಕಗಳ ಅರ್ಹತೆಯ ಚರಿತ್ರೆಯನ್ನೂ ಇಲ್ಲಿ ನೆನೆಯಬೇಕು. ವಿಕ್ಟೋರಿಯಾ ಕ್ರಾಸ್ 1856ರಲ್ಲಿ ಸ್ಥಾಪನೆಯಾದರೂ, ಭಾರತೀಯ ಸೈನಿಕನಿಗೆ ಅದನ್ನು ಪಡೆಯುವ ಹಕ್ಕು ದೊರೆತದ್ದು 1911ರ ದಿಲ್ಲಿ ದರ್ಬಾರಿನಲ್ಲಿ. ಅಲ್ಲಿಯವರೆಗೆ, ಜೊತೆಯಲ್ಲೇ ನಿಂತು ಹೋರಾಡಿದ ಬಿಳಿಯನಿಗೆ ಒಂದು ಪದಕ, ನಮ್ಮವನಿಗೆ ಬೇರೊಂದು. ಹಾಗೆಯೇ ಅಧಿಕಾರಿಗಳಿಗೆ ಮಿಲಿಟರಿ ಕ್ರಾಸ್, ಕೆಳಗಿನವರಿಗೆ ಮಿಲಿಟರಿ ಮೆಡಲ್. ಶೌರ್ಯಕ್ಕೂ ಬಣ್ಣ, ದರ್ಜೆಗಳ ಅಳತೆ!

ಗಣರಾಜ್ಯವಾದ ದಿನವೇ, 1950ರ ಜನವರಿ 26ರಂದು, ಪರಮವೀರ ಚಕ್ರವನ್ನು ಸ್ಥಾಪಿಸಲಾಯಿತು. 1947ರ ಆಗಸ್ಟ್ 15ರಿಂದಲೇ ಅದು ಅನ್ವಯಿಸುವಂತೆ ಮಾಡಿದ್ದರಿಂದ ಕಾಶ್ಮೀರದ ವೀರರು ಹೊರಗುಳಿಯಲಿಲ್ಲ. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಎಲ್ಲ ದರ್ಜೆಯ ಗಂಡಸರೂ ಹೆಂಗಸರೂ ಅದಕ್ಕೆ ಅರ್ಹರು. ಸೇನೆಯ ಆಜ್ಞೆಯಂತೆ ದುಡಿಯುವ ದಾದಿಯರೂ ನಾಗರಿಕರೂ ಅರ್ಹರು. ಮಡಿದವರಿಗೂ ಕೊಡಬಹುದು. ಬೇಕಾದುದೊಂದೇ: ಶತ್ರುವಿನ ಇದಿರಿನಲ್ಲಿ ತೋರಿದ ಅಸಾಧಾರಣ ಧೈರ್ಯ ಅಥವಾ ಆತ್ಮತ್ಯಾಗ. ಇಷ್ಟು ಶತ್ರುಗಳನ್ನು ಕೊಂದಿರಬೇಕೆಂಬ ಮಾತು ಆ ನಿಯಮದಲ್ಲಿ ಎಲ್ಲಿಯೂ ಇಲ್ಲ. ರಾಣೆಯವರ ಕಥೆಯ ತಿರುಳು ಇಲ್ಲಿದೆ ಎಂದು ನಮಗೆ ತೋರುತ್ತದೆ. ಆ ನಾಲ್ಕು ದಿನಗಳಲ್ಲಿ ಅವರ ಕೆಲಸ ಗುಂಡು ಹಾರಿಸುವುದಾಗಿರಲಿಲ್ಲ. ಬಾಂಬು ಕಿತ್ತು, ಮರ ಸಿಡಿಸಿ, ಮಣ್ಣು ಕಡಿಯುವುದಾಗಿತ್ತು. ಆದರೂ ಪರಮ ಶೌರ್ಯದ ತಕ್ಕಡಿಯಲ್ಲಿ ಆ ಕೆಲಸ ಒಂದು ಗುಲಗಂಜಿಯಷ್ಟೂ ಕಡಿಮೆ ತೂಗಲಿಲ್ಲ. 1950ರ ಜೂನ್ 21ರಂದು ಪ್ರಶಸ್ತಿ ಪ್ರಕಟವಾಯಿತು. ಆ ಯುದ್ಧದ ಐವರು ಪರಮವೀರರಲ್ಲಿ ಮೂವರು ಮಡಿದಿದ್ದರು. ಬದುಕಿದ್ದು ಪದಕ ಧರಿಸಿದವರು ರಾಣೆ ಮತ್ತು ಕರಮ್ ಸಿಂಗ್ ಇಬ್ಬರೇ.

ಮೇಜರ್ ಪದವಿಯಲ್ಲಿ ನಿವೃತ್ತರಾದ ರಾಣೆಯವರು 1994ರ ಜುಲೈ 11ರಂದು, ತಮ್ಮ 76ನೆಯ ವಯಸ್ಸಿನಲ್ಲಿ, ಇದೇ ಪುಣೆಯಲ್ಲಿ ತೀರಿಕೊಂಡರು. 2006ರಲ್ಲಿ ಕಾರವಾರದ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಬಳಿ, ಅವರ ಪ್ರತಿಮೆ ನಿಂತಿತು. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ 21 ಪರಮವೀರರ ಹೆಸರಿಟ್ಟಾಗ ಒಂದಕ್ಕೆ ರಾಣೆಯವರ ಹೆಸರು ಬಂತು.

ಊರು ಬಿಟ್ಟು ಊರಿಗೆ ಬಂದವರು ನಾವು. ನಮಗಿಂತ ಮೊದಲು ಬಂದವರು ಬಿಡಾರ ಹುಡುಕಿಕೊಟ್ಟು, ಕೆಲಸಕ್ಕೆ ಮಾತು ಹೇಳಿ, ಶಾಲೆ ಸಂಘಗಳನ್ನು ಕಟ್ಟಿ ನಮಗೆ ದಾರಿಮಾಡಿದರು. ಅವರಾರಿಗೂ ಪದಕ ಬರಲಿಲ್ಲ. ಬರಬೇಕೆಂದು ಅವರು ಕೇಳಲೂ ಇಲ್ಲ. ಆ ದುಡಿಮೆಯನ್ನು ರಣರಂಗದ ಸಾಹಸದೊಡನೆ ಹೋಲಿಸುವ ಧಾರ್ಷ್ಟ್ಯ ನಮಗಿಲ್ಲ. ಆದರೆ ಹಿಂದೆ ಬರುವವರಿಗಾಗಿ ದಾರಿ ತೆರೆಯುವವನೂ ವೀರನೇ ಎಂಬುದನ್ನು ಈ ಪೇದೆಯ ಮಗ ನಮಗೆ ತೋರಿಸಿಕೊಟ್ಟಿದ್ದಾರೆ. ಬರುವ ರಜೆಯಲ್ಲಿ ಊರಿನ ಕಡೆ ಹೋಗುವ ಬಂಧುಗಳು ಮಕ್ಕಳನ್ನು ಕಾರವಾರದ ಆ ಪ್ರತಿಮೆಯ ಬಳಿಗೆ ಕರೆದೊಯ್ದು, ಆ ನಾಲ್ಕು ದಿನಗಳ ಕಥೆಯನ್ನು ಮನೆಮಾತಿನಲ್ಲಿ ಹೇಳಲಿ ಎಂದು ಹಾರೈಸುತ್ತೇವೆ.